ಕೆರೆ ತುಂಬಿದರೆ ಸಾಲದು, ಕೊಳಚೆಯ ಸಾರವೂ ಇಳಿಯಬೇಕು

ದಾವಣಗೆರೆ ಜಿಲ್ಲೆಯ ಹೊನ್ನಾಳಿ ತುಂಗಭದ್ರೆಯ ದಡದಲ್ಲಿದೆ. ಹೊಸ ತಾಲ್ಲೂಕು ನ್ಯಾಮತಿಯೂ ಅದೇ ನದಿಯ ಆಸುಪಾಸಿನದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಚಿತ್ರದುರ್ಗಕ್ಕೂ ಕುಡಿಯುವ ನೀರಿನ ಆಸರೆ. ಬರದ ಜಗಳೂರಿನ 57 ಕೆರೆಗಳನ್ನು ತುಂಬಿಸುವ ಯೋಜನೆಗೆ ನೀರೆತ್ತುವುದು ಹೊನ್ನಾಳಿಯ ಕೆಳಭಾಗದಲ್ಲಿ, ಹರಿಹರ ತಾಲ್ಲೂಕಿನ ದೀಟೂರು ಬಳಿ. ಮೇಲಿನ ಊರುಗಳಿಂದ ನದಿಗೆ ಸೇರಿದ್ದು ಕೊನೆಗೆ ಕೆರೆಯಲ್ಲಿ ನಿಲ್ಲುತ್ತದೆ. ಹರಿಯುವ ಹೊಳೆ ಮರೆಮಾಚಿದ್ದನ್ನು ನಿಂತ ನೀರು ಬಯಲು ಮಾಡುತ್ತದೆ.

ಕೊಳಚೆಯ ದುರ್ವಾಸನೆ ಹೋದ ಮಾತ್ರಕ್ಕೆ ಅದು ಶುದ್ಧವಾಗದು. ಮಲಮೂತ್ರ, ಮಾರ್ಜಕಗಳಿಂದ ಬಂದ ಸಾರಜನಕ ಮತ್ತು ರಂಜಕ ಉಳಿದರೆ ಪಾಚಿ, ಅಂತರಗಂಗೆ ಹಬ್ಬುತ್ತವೆ. ಬೆಂಗಳೂರಿನ ಬೆಳ್ಳಂದೂರು ಕೆರೆ ಇದಕ್ಕೆ ಕಣ್ಣೆದುರಿನ ನಿದರ್ಶನ. 2018ರಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಹರಿದ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡು, ವಿವಾದ ಹೈಕೋರ್ಟ್ ಮೆಟ್ಟಿಲೇರಿತ್ತು.

ಈ ಪೋಷಕಾಂಶಗಳನ್ನು ತೆಗೆಯಲು ಬಯೋಫಿಲ್ಮ್ ರಿಯಾಕ್ಟರ್ ಒಂದು ದಾರಿ. 1980ರ ದಶಕದ ಕೊನೆಯಲ್ಲಿ ನಾರ್ವೆಯಲ್ಲಿ ರೂಪುಗೊಂಡ ವಿಧಾನದಲ್ಲಿ ತೊಟ್ಟಿಯೊಳಗೆ ಸಣ್ಣ ಪ್ಲಾಸ್ಟಿಕ್ ಬಿಲ್ಲೆಗಳು ತೇಲಾಡುತ್ತವೆ. ಅವುಗಳ ಮೈಗೆ ಬ್ಯಾಕ್ಟೀರಿಯಾಗಳ ಲೋಳೆಪೊರೆ ಅಂಟಿ ಬೆಳೆಯುತ್ತದೆ. ಗಾಳಿಯಾಡುವ ತೊಟ್ಟಿಯಲ್ಲಿ ಅವು ಅಮೋನಿಯಾವನ್ನು ನೈಟ್ರೇಟ್ ಆಗಿಸುತ್ತವೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಹೊರಬಿಡುತ್ತವೆ. ಕಡಿಮೆ ಜಾಗ ಸಾಕೆಂಬುದು ಸಣ್ಣ ಪಟ್ಟಣಗಳಿಗೆ ಅನುಕೂಲ.

ಆದರೆ ತೊಡಕುಗಳೂ ಇವೆ. 1 ಗ್ರಾಂ ಅಮೋನಿಯಾ ಸಾರಜನಕವನ್ನು ಪರಿವರ್ತಿಸಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು. ವಿದ್ಯುತ್ ಕೈಕೊಟ್ಟು ಗಾಳಿಯಂತ್ರ ನಿಂತರೆ ಈ ಕೆಲಸವೂ ನಿಲ್ಲುತ್ತದೆ. ರಂಜಕ ಅನಿಲವಾಗಿ ಹೋಗದು. ಅದನ್ನು ಪಟಿಕದಂತಹ ರಾಸಾಯನಿಕದಿಂದ ಕೆಸರಾಗಿ ಇಳಿಸಬೇಕು, ಆ ಕೆಸರನ್ನು ವಿಲೇವಾರಿ ಮಾಡಬೇಕು.

ಮಾನದಂಡವೂ ಗೊಂದಲದ್ದೇ. ಕೇಂದ್ರದ 2017ರ ಅಧಿಸೂಚನೆಯಲ್ಲಿ ಸಾರಜನಕ, ರಂಜಕಗಳಿಗೆ ಮಿತಿಯೇ ಇರಲಿಲ್ಲ. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಲೀಟರಿಗೆ 10 ಮಿಲಿಗ್ರಾಂ ಸಾರಜನಕ, 1 ಮಿಲಿಗ್ರಾಂ ರಂಜಕದ ಮಿತಿಯನ್ನು ಎತ್ತಿಹಿಡಿಯಿತು. ಟೆಂಡರಿನಲ್ಲಿ ಈ ಅಂಕಿಗಳು ಇಲ್ಲದಿದ್ದರೆ ಗುತ್ತಿಗೆದಾರ ಅವುಗಳಿಗೆ ಹೊಣೆಯಾಗುವುದಿಲ್ಲ.

ಒಳಚರಂಡಿ ಇಲ್ಲದ ಊರುಗಳಿಗೆ ಬೇರೆ ಮಾದರಿಯೂ ಉಂಟು. 2015ರಲ್ಲಿ ದೇವನಹಳ್ಳಿಯಲ್ಲಿ ಶೌಚಗುಂಡಿಯ ಕೆಸರು ಸಂಸ್ಕರಿಸುವ ಘಟಕ ಆರಂಭವಾಯಿತು. ಯಾವ ಮಾದರಿಯೇ ಆಗಲಿ, ನಿರ್ವಹಣೆಯ ಹಣ, ವಿದ್ಯುತ್ತು ಮತ್ತು ನೀರಿನ ಪರೀಕ್ಷಾ ವರದಿಯನ್ನು ಜನರ ಮುಂದಿಡುವ ವ್ಯವಸ್ಥೆ ಇಲ್ಲದಿದ್ದರೆ ಘಟಕ ಉದ್ಘಾಟನೆಗಷ್ಟೇ ಸೀಮಿತವಾಗುತ್ತದೆ. ಜಗಳೂರಿನ ಕೆರೆಗೆ ಎಷ್ಟು ನೀರು ಬಂತೆಂದು ಲೆಕ್ಕ ಹಾಕುವಾಗ ಎಂಥ ನೀರು ಬಂತೆಂಬುದನ್ನೂ ಕೇಳಬೇಕಾಗಿದೆ.