ಕೊಂಡಿ ಹಾಕುವ ಸಂಗೀತ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಿಂದ ಬೆಂಗಳೂರಿಗೆ ಓದಲು ಹೋದ ಮಕ್ಕಳು ರಜೆಗೆ ಬರುವಾಗ ಮನೆಗೊಂದು ಹೊಸ ಸಂಗೀತವನ್ನು ತರುತ್ತಾರೆ. ಫ್ಯೂಜನ್ ಎಂದು ಅದರ ಹೆಸರು. ಅಮೆರಿಕದ ಜಾಝ್, ಇಂಗ್ಲೆಂಡಿನಲ್ಲಿ ಬೆಳೆದ ಪ್ರೊಗ್ರೆಸಿವ್ ರಾಕ್, ನಮ್ಮ ಮೃದಂಗ, ಇವು ಅಲ್ಲಿ ಒಂದೇ ವೇದಿಕೆಯಲ್ಲಿ ಕೂಡುತ್ತವೆ. ಹಿರಿಯರು ‘ಇದು ಸಂಕರ’ ಎಂದು ಕದವಿಕ್ಕಿಕೊಳ್ಳುವರು; ಕಿರಿಯರು ‘ನಿಮಗೆ ತಿಳಿಯದು’ ಎಂದು ಮುಖ ತಿರುಗಿಸುವರು. ಗೃಹಸ್ಥನ ಮನೆಗೆ ಈ ಮೌನ ಶೋಭಿಸತಕ್ಕದ್ದಲ್ಲ.

ಇಂತಹ ಕಚೇರಿಯೊಂದನ್ನು ನಾವು ಬೆಂಗಳೂರಿನಲ್ಲಿ ಆದ್ಯಂತವಾಗಿ ಕೇಳಿದೆವು. ಧ್ವನಿವರ್ಧಕದ ಅಬ್ಬರ ಬಹಳ. ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದೇ ಲೇಸು. ಆದರೆ ಆ ಅಬ್ಬರದೊಳಗೆ ಲೆಕ್ಕವಿತ್ತು. ಒಂದು ಕೃತಿ ಏಳಕ್ಷರದ ನಡೆಯಲ್ಲಿ ಸಾಗಿತು. ತೊಡೆಯ ಮೇಲೆ ತಾಳ ಹಾಕಿ ನೋಡಿದರೆ ನಮ್ಮ ಮಿಶ್ರಚಾಪುವೇ! ಸ್ಯಾಕ್ಸೊಫೋನು ವಾದಕರು ಆ ಕ್ಷಣದ ಸ್ಫೂರ್ತಿಯಿಂದ ಸ್ವರಗಳನ್ನು ಬೆಳೆಸಿದರು. ನಮ್ಮವರು ಇದನ್ನೇ ಮನೋಧರ್ಮವೆನ್ನುವರು. ಮೃದಂಗದವರು ಬಾಯಿಂದ ನುಡಿದ ಜತಿಗೆ ಡ್ರಮ್ಮಿನವರು ಕೋಲಿನಿಂದ ಉತ್ತರ ಕೊಟ್ಟರು. ಕಡೆಗೆ ಇಬ್ಬರೂ ಸಮಕ್ಕೆ ಒಟ್ಟಿಗೆ ಬಂದಾಗ ಸಭೆಯೆಲ್ಲ ಒಮ್ಮೆಲೇ ಹರ್ಷೋದ್ಗಾರ ಮಾಡಿತು. ಮತ್ತೊಂದು ಕೃತಿಯಲ್ಲಾದರೋ ಗಿಟಾರು ತನ್ನ ಪಾಡಿಗೆ, ಮೃದಂಗ ತನ್ನ ಪಾಡಿಗೆ ನಡೆದವು. ಒಂದನ್ನು ತೆಗೆದರೂ ಇನ್ನೊಂದಕ್ಕೆ ನಷ್ಟವಿರಲಿಲ್ಲ.

ಈ ಭೇದವನ್ನು ನಮ್ಮ ಆಲಂಕಾರಿಕರು ಬಲ್ಲರು. ಎರಡು ಅಲಂಕಾರಗಳು ಎಳ್ಳು-ಅಕ್ಕಿಯಂತೆ ಕೂಡಿದರೆ ಸಂಸೃಷ್ಟಿ, ಹಾಲು-ನೀರಿನಂತೆ ಬೆರೆತರೆ ಸಂಕರ. ಅವರು ಸಂಕರವನ್ನು ದೋಷಗಳಲ್ಲಿ ಸೇರಿಸಲಿಲ್ಲ, ಅಲಂಕಾರವೆಂದೇ ಎಣಿಸಿದರು. ಬಾದಾಮಿಗೆ ಸಮೀಪದ ಪಟ್ಟದಕಲ್ಲಿನಲ್ಲಿಯೂ ಎಂಟನೆಯ ಶತಮಾನದ ಪಾಪನಾಥ ದೇವಾಲಯವು ನಾಗರ ಶಿಖರವನ್ನು ಹೊತ್ತು ಭಿತ್ತಿಗಳಲ್ಲಿ ದ್ರಾವಿಡ ಲಕ್ಷಣಗಳನ್ನು ತೋರಿಸುತ್ತದೆ. ಅದನ್ನು ಕೆಟ್ಟುಹೋದ ಗುಡಿಯೆಂದು ಯಾರೂ ಹೇಳುವುದಿಲ್ಲ.

ಕನ್ನಡನಾಡಿನಲ್ಲಿ ಈ ಸಂಗೀತವೂ ನಿನ್ನೆ ಹುಟ್ಟಿದ್ದಲ್ಲ. ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ‘ಕರ್ನಾಟಕ ಕಾಲೇಜ್ ಆಫ್ ಪರ್ಕಶನ್’ ಎಂಬ ತಾಳವಾದ್ಯಗಳ ವಿದ್ಯಾಲಯವನ್ನು ಸ್ಥಾಪಿಸಿದರು. ಅವರೂ ಗಾಯಕಿ ಆರ್. ಎ. ರಮಾಮಣಿಯವರೂ ಸಂಗಡಿಗರೊಡನೆ ಅಮೆರಿಕದ ಸ್ಯಾಕ್ಸೊಫೋನು ವಾದಕ ಚಾರ್ಲಿ ಮರಿಯಾನೋ ಅವರನ್ನು ಕೂಡಿಕೊಂಡು 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಮಾಡಿದರು. ಕದ್ರಿ ಗೋಪಾಲನಾಥರು (1949–2019) ಅದೇ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ಪೂರ್ಣವಾಗಿ ಸಾಧಿಸಿದ ಬಳಿಕವೇ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಅವರೊಡನೆ ‘ಕಿನ್ಸ್‌ಮೆನ್’ (2008) ನುಡಿಸಿದರು. ಇವರೆಲ್ಲರೂ ಮೊದಲು ಒಂದು ವಿದ್ಯೆಯಲ್ಲಿ ನಿಷ್ಣಾತರಾದವರು. ಈ ಮಾತನ್ನು ಮರೆಯಬಾರದು.

ಇಳಕಲ್ಲಿನ ನೇಕಾರರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಸೀರೆಯ ಒಡಲಿಗೆ ಒಂದು ಹಾಸು, ರೇಷ್ಮೆಯ ಸೆರಗಿಗೆ ಮತ್ತೊಂದು ಹಾಸು. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಿ ನೇಯುವರು. ಒಡಲು ಒಡಲಾಗಿಯೇ, ಸೆರಗು ಸೆರಗಾಗಿಯೇ ಉಳಿದರೂ ಸೀರೆ ಒಂದೇ. ಆದರೆ ಕೈಯಲ್ಲಿ ಒಂದು ಹಾಸೂ ಇಲ್ಲದವನು ಕೊಂಡಿಯನ್ನು ಯಾವುದಕ್ಕೆ ಹಾಕಬೇಕು?

ಆದಕಾರಣ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಗನಾಗಲಿ ಮಗಳಾಗಲಿ ಗಿಟಾರು ಕೇಳಿದರೆ ಬೇಡವೆನ್ನಬೇಡಿರಿ. ಅದಕ್ಕೆ ಮುಂಚೆ ಒಂದು ರಾಗವನ್ನಾದರೂ ಒಂದು ತಾಳವನ್ನಾದರೂ ಗಟ್ಟಿಯಾಗಿ ಕಲಿಸಿರಿ. ಜಾತ್ರೆಯಲ್ಲಿ ಕರಡಿ ಮಜಲು ಬಾರಿಸುವಾಗ ಕೈಹಿಡಿದು ಹತ್ತಿರ ನಿಲ್ಲಿಸಿರಿ. ಆಮೇಲೆ ಅವರು ಹೋಗುವ ಕಚೇರಿಗೆ ನೀವೂ ಒಂದು ಸಂಜೆ ಹೋಗಿ ಪಕ್ಕದಲ್ಲಿ ಕುಳಿತು ತಾಳ ಎಣಿಸಿರಿ. ಸಮ ಎಲ್ಲಿ ಬೀಳುವುದೆಂದು ಮಕ್ಕಳನ್ನು ಕೇಳಿರಿ. ಹೇಳಬಲ್ಲರಾದರೆ ಅವರ ವಿಷಯದಲ್ಲಿ ಚಿಂತೆಗೆ ಕಾರಣವಿಲ್ಲ.