ನೋವು ಪಾಠ ಕಲಿಸಲೇಬೇಕೆ?

ರಕ್ತದ ಕ್ಯಾನ್ಸರಿನಿಂದ ಗುಣವಾಗಿ ಶಾಲೆಗೆ ಮರಳಿದ ಹುಡುಗಿಗೆ ಶಾಲು ಹೊದಿಸಿ, ಮೈಕು ಕೊಟ್ಟು, ‘ಈ ಕಾಯಿಲೆಯಿಂದ ಏನು ಕಲಿತೆಯಮ್ಮಾ?’ ಎಂದು ಕೇಳುವವರಿದ್ದಾರೆ. ಎರಡು-ಮೂರು ವರ್ಷದ ಚಿಕಿತ್ಸೆ, ಬೆನ್ನಿಗೆ ಚುಚ್ಚಿದ ಸೂಜಿ, ಸ್ಟೆರಾಯ್ಡಿನಿಂದ ಊದಿದ ಮುಖ, ಅದಕ್ಕೆ ಗೆಳತಿಯರು ಇಟ್ಟ ಅಡ್ಡಹೆಸರು. ಇವನ್ನೆಲ್ಲ ನುಂಗಿಕೊಂಡು ಆಕೆ, ‘ಧೈರ್ಯ ಕಲಿತೆ’ ಎನ್ನುತ್ತಾಳೆ. ಚಪ್ಪಾಳೆ ಬೀಳುತ್ತದೆ.

ಅವಳು ಹೇಳಿದ್ದು ಸುಳ್ಳೇನಲ್ಲ. ಅಮೆರಿಕದ ಮನಃಶಾಸ್ತ್ರಜ್ಞರಾದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್‌ಹೌನ್ ಆಘಾತದ ನಂತರದ ಈ ಬೆಳವಣಿಗೆಯನ್ನು ಅಳೆಯಲು 1996ರಲ್ಲಿ 21 ಹೇಳಿಕೆಗಳ ಪ್ರಶ್ನಾವಳಿಯನ್ನೇ ರೂಪಿಸಿದರು. ತನ್ನ ಶಕ್ತಿಯ ಅರಿವು, ನಂಟಿನ ಆಳ, ಬದುಕಿನ ಬಗ್ಗೆ ಕೃತಜ್ಞತೆ, ಹೊಸ ದಾರಿಗಳು, ಅಧ್ಯಾತ್ಮ ಎಂಬ ಐದು ನೆಲೆಗಳು ಅದರಲ್ಲಿವೆ. ಆದರೆ ಬೆಳೆಸುವುದು ಆಘಾತವಲ್ಲ, ಅದರೊಡನೆ ಮನಸ್ಸು ನಡೆಸುವ ಗುದ್ದಾಟ ಎಂದು ಅವರು ಒತ್ತಿ ಹೇಳಿದ್ದನ್ನು ಸನ್ಮಾನ ಮಾಡುವವರು ಗಮನಿಸುವುದಿಲ್ಲ.

ಮಕ್ಕಳ ವಿಷಯ ಇನ್ನೂ ತೊಡಕಿನದು. ನಲವತ್ತರ ವ್ಯಕ್ತಿಗೆ ‘ಕಾಯಿಲೆಗೆ ಮುಂಚಿನ ನಾನು’ ಎಂಬವನೊಬ್ಬ ಇರುತ್ತಾನೆ. ಎರಡನೆಯ ವಯಸ್ಸಿಗೇ ವಾರ್ಡು ಸೇರಿದ ಮಗುವಿಗೆ ಹೋಲಿಸಿಕೊಳ್ಳಲು ಯಾವ ನೆನಪಿದೆ? ಕ್ಯಾನ್ಸರ್ ಗೆದ್ದ ಹದಿಹರೆಯದವರನ್ನು ಕುರಿತು ಲಮಿಯಾ ಬರಕತ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಹುಪಾಲು ಮಕ್ಕಳು ಒಂದಾದರೂ ಒಳಿತನ್ನು ಗುರುತಿಸಿದ್ದರು. ಐದನೆಯ ವಯಸ್ಸು ದಾಟಿದ ಮೇಲೆ ಕಾಯಿಲೆ ಪತ್ತೆಯಾದವರಲ್ಲಿ ಇದು ಹೆಚ್ಚು, ಆದರೆ ಆಘಾತದ ಲಕ್ಷಣಗಳೂ ಅವರಲ್ಲೇ ಹೆಚ್ಚು! ಹೀಗೆ ಬೆಳೆದವರು ನೋವನ್ನು ದಾಟಿಬಿಟ್ಟವರಲ್ಲ; ಎರಡೂ ಒಂದೇ ಮನಸ್ಸಿನಲ್ಲಿ ಒಟ್ಟಿಗೆ ವಾಸ ಮಾಡುತ್ತವೆ.

ಹೀಗೆ ಹೇಳಿಕೊಳ್ಳುವ ಬೆಳವಣಿಗೆಯಲ್ಲಿ ಒಂದಿಷ್ಟು ಆತ್ಮಸಮಾಧಾನವೂ ಇರಬಹುದೆಂದು ಆಂಡ್ರಿಯಾಸ್ ಮೆರ್ಕರ್, ತಾನ್ಯಾ ಝೋಲ್ನರ್ 2004ರಲ್ಲಿ ವಾದಿಸಿದರು. ಇರಲಿ ಬಿಡಿ, ಮಗು ತನ್ನನ್ನು ತಾನು ಸಂತೈಸಿಕೊಂಡರೆ ಯಾರಿಗೇನು ನಷ್ಟ? ನನ್ನ ತಕರಾರು ಆ ಸಮಾಧಾನವನ್ನು ನಾವು ಬಳಸಿಕೊಳ್ಳುವ ಬಗೆಗೆ. ‘ಎಲ್ಲಾ ಒಳ್ಳೇದಕ್ಕೇ ಆಯ್ತು’ ಎಂದುಬಿಟ್ಟರೆ ಮುಂದಿನ ಜವಾಬ್ದಾರಿಯಿಂದ ದೊಡ್ಡವರು ಪಾರು. ಆದರೆ ಕ್ಯಾನ್ಸರಿಗೆ ಕೊಡುವ ಡಾಕ್ಸೊರೂಬಿಸಿನ್‌ನಂಥ ಔಷಧ ವರ್ಷಗಳ ನಂತರ ಹೃದಯವನ್ನು ಬಾಧಿಸಬಲ್ಲದು. ತಲೆಗೆ ಕೊಟ್ಟ ವಿಕಿರಣ ಕಲಿಕೆಯನ್ನು ಕುಗ್ಗಿಸಬಲ್ಲದು. ಲೆಕ್ಕದಲ್ಲಿ ಹಿಂದೆ ಬಿದ್ದ ಹುಡುಗನಿಗೆ ಬೇಕಾದದ್ದು ತಾಳ್ಮೆಯಿಂದ ಮತ್ತೊಮ್ಮೆ ಹೇಳಿಕೊಡುವ ಮೇಷ್ಟ್ರು.

ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 1991ರಲ್ಲೇ ಗುಣವಾದ ಮಕ್ಕಳಿಗೆಂದು ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಅಂಥದ್ದು ದೊಡ್ಡ ಊರುಗಳಾಚೆಗೂ ಬರಬೇಕು. ಕ್ಲಿನಿಕ್ಕಿನಾಚೆಗೂ ತೊಡಕುಗಳಿವೆ. ಗುಣವಾದ ಹೆಣ್ಣುಮಗಳ ಕಾಯಿಲೆಯನ್ನು ಸಂಬಂಧ ಕುದುರುವವರೆಗೆ ಮುಚ್ಚಿಡುವ ಮನೆಗಳಿವೆ. ಹೆತ್ತವರನ್ನು ದೂರಿ ಪ್ರಯೋಜನವಿಲ್ಲ, ಬಾಯಿಬಿಟ್ಟರೆ ಏನಾಗುತ್ತದೆಂದು ಅವರಿಗೆ ಗೊತ್ತು. ವಿಮೆಯ ಅರ್ಜಿಯಲ್ಲೂ ಹಳೆಯ ಕಾಯಿಲೆಯ ಪ್ರಶ್ನೆ ಕಾದಿರುತ್ತದೆ. ಫ್ರಾನ್ಸಿನಲ್ಲಿ ಚಿಕಿತ್ಸೆ ಮುಗಿದು 5 ವರ್ಷ ಕಾಯಿಲೆ ಮರುಕಳಿಸದಿದ್ದರೆ, ಮನೆಸಾಲದ ವಿಮೆಗೆ ಹಳೆಯ ಕ್ಯಾನ್ಸರಿನ ಸಂಗತಿ ತಿಳಿಸಬೇಕಿಲ್ಲ. ಅಂಥ ಕಾನೂನು ನಮಗೂ ಬೇಕು.