ಕಾರ್ಡ್ ಇದ್ದರೆ ಸಾಕೆ? ಆರೋಗ್ಯದ ಹೊಣೆ ಯಾರದು?

ಜಹೀರಾಬಾದ್: 'ಆರೋಗ್ಯಶ್ರೀ ಇದೆಯಲ್ಲ, ಚಿಂತೆ ಯಾಕೆ?' ಎಂಬ ಮಾತು ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಭಾಗದ ಕನ್ನಡ ಮನೆಗಳಲ್ಲೂ ಸಾಮಾನ್ಯ. ಈ ಧೈರ್ಯಕ್ಕೆ ಕಾರಣವೂ ಇದೆ. ಅವಿಭಜಿತ ಆಂಧ್ರಪ್ರದೇಶದಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಮುಖ್ಯಮಂತ್ರಿಯಾಗಿದ್ದಾಗ, 2007ರಲ್ಲಿ ಆರಂಭವಾದ ಯೋಜನೆ ಇದು. ತೆಲಂಗಾಣ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಇದರ ಮಿತಿಯನ್ನು ವರ್ಷಕ್ಕೆ ಕುಟುಂಬವೊಂದಕ್ಕೆ 10 ಲಕ್ಷ ರೂಪಾಯಿಗೆ ಏರಿಸಿತು.

ಆದರೆ ಆರೋಗ್ಯಶ್ರೀ ಮುಖ್ಯವಾಗಿ ನೆರವಿಗೆ ಬರುವುದು ರೋಗ ಬಲಿತು ಆಸ್ಪತ್ರೆ ಸೇರಿದ ಮೇಲೆ. ಅದಕ್ಕೆ ಮೊದಲಿನ ವರ್ಷಗಳ ಮಾತ್ರೆ, ರಕ್ತ ಪರೀಕ್ಷೆ, ಬಸ್ ಚಾರ್ಜು, ತಪ್ಪಿದ ಕೂಲಿ ಎಲ್ಲವೂ ಬಹುಪಾಲು ಮನೆಯವರ ತಲೆಯ ಮೇಲೆಯೇ. ಸಕ್ಕರೆ ಕಾಯಿಲೆ, ಬಿಪಿ ಎರಡನ್ನೂ ಅಲಕ್ಷಿಸಿದರೆ ಮೂತ್ರಪಿಂಡ ಕೈಕೊಡಬಹುದು. ಆಗ ಡಯಾಲಿಸಿಸ್‌ಗೆ ವಾರಕ್ಕೆ ಎರಡು-ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಚಿಕಿತ್ಸೆ ಉಚಿತವಾದರೂ ಕೂಲಿಯವನ ಸಂಸಾರ ಕುಸಿಯಲು ಇಷ್ಟೇ ಸಾಕು.

ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬಿಪಿಯಂತೆ ಇದೂ ಆರಂಭದಲ್ಲಿ ನೋವು ಕೊಡುವುದಿಲ್ಲ. ಅದಕ್ಕೇ ಜನ ಪರೀಕ್ಷೆ ಮಾಡಿಸುವುದಿಲ್ಲ. ಮಾತ್ರೆ ಕೊಟ್ಟರೂ 'ಈಗ ಚೆನ್ನಾಗಿದ್ದೇನೆ' ಎಂದು ಅರ್ಧಕ್ಕೇ ಬಿಡುತ್ತಾರೆ. ಗುಟ್ಕಾ, ಬೀಡಿ, ಮದ್ಯದ ಖರ್ಚಿಗೆ ಮಾತ್ರ ತಡೆಯಿಲ್ಲ. ಇಲ್ಲಿ ಹೊಣೆ ಖಂಡಿತ ವ್ಯಕ್ತಿಯದೇ.

ಹಾಗೆಂದು ಎಲ್ಲ ತಪ್ಪನ್ನೂ ರೋಗಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ತಾಂಡೂರಿನಲ್ಲಿ ಕಲ್ಲಿನ ಪಾಲಿಶ್ ಘಟಕದಲ್ಲಿ ದುಡಿಯುವವನು ಬೀಡಿ ಬಿಟ್ಟರೂ ಧೂಳು ಅವನನ್ನು ಬಿಡುವುದಿಲ್ಲ. ಆ ಧೂಳು ತಡೆಯಬೇಕಾದವರು ಮಾಲೀಕರು ಮತ್ತು ಅಧಿಕಾರಿಗಳು.

ಊಟದ ವಿಷಯವೂ ಹೀಗೆಯೇ. ಜೋಳ, ಸಜ್ಜೆ, ನವಣೆ ಈ ಸೀಮೆಯ ಹಳೆಯ ಬೆಳೆಗಳು. ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಇವನ್ನು ಉಳಿಸಿಕೊಂಡು ಬಂದವು. ಅಕ್ಕಿಯ ಬದಲು ಸ್ಥಳೀಯ ಜೋಳ ಹಂಚುವ ಪರ್ಯಾಯ ಪಡಿತರವನ್ನು 1990ರ ದಶಕದಲ್ಲೇ ನಡೆಸಿ ತೋರಿಸಿದವು. 2019ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಬಂತು. ಸರ್ಕಾರ ಮಾತ್ರ 2025ರಲ್ಲಿ ಪಡಿತರಕ್ಕೆ ಸಣ್ಣಕ್ಕಿ ತಂದಿತು, ತಲೆಗೆ 6 ಕಿಲೋ. ಬಡವರ ತಟ್ಟೆಗೂ ಒಳ್ಳೆಯ ಅಕ್ಕಿ ಬಂದದ್ದು ಸಂತೋಷವೇ. ಆದರೆ ಜೋಳ ಅಂಗಡಿಯಲ್ಲಿ ಕೊಳ್ಳಬೇಕು, ಅಕ್ಕಿ ಪುಕ್ಕಟೆ ಎಂದಾದಾಗ 'ರೊಟ್ಟಿ ತಿನ್ನಿ' ಎಂಬ ಉಪದೇಶ ಎಷ್ಟು ದೂರ ಹೋದೀತು?

ಆದ್ದರಿಂದ ಹೊಣೆಯನ್ನು ಹಂಚಿಕೊಳ್ಳಬೇಕು. ಮೂವತ್ತು ದಾಟಿದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಪರೀಕ್ಷೆ ಮಾಡಿಸಬೇಕು. ಇದಕ್ಕೆ ಹಣ ಕೊಡಬೇಕಿಲ್ಲ. ಕೊಟ್ಟ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಇರಲಿ. ಸರ್ಕಾರ ಆ ಮಾತ್ರೆಗಳು ಪ್ರತಿ ತಿಂಗಳೂ ತಪ್ಪದೆ ಸಿಗುವಂತೆ, ಪಡಿತರದಲ್ಲಿ ಜೋಳವೂ ಇರುವಂತೆ ನೋಡಿಕೊಳ್ಳಲಿ.

ಹತ್ತು ಲಕ್ಷದ ಕಾರ್ಡ್ ಮನೆಯಲ್ಲಿರಲಿ. ಅದನ್ನು ಹೊರತೆಗೆಯುವ ಪ್ರಸಂಗ ಬಾರದಂತೆ ನೋಡಿಕೊಳ್ಳುವುದೇ ಜಾಣತನ.